ಹುಳದಕ್ಕನ ಏಳನೇ ಬ್ಲಾಕು

ಬೆಳಿಗ್ಗೆ ಹಾಜರಿ ಮುಗಿದು, ಎಲೆ ಕೀಳುವ ಹೆಂಗಸರೆಲ್ಲ ಬುಟ್ಟಿ ಬೆನ್ನಿಗೇರಿಸಿಕೊಂಡು ಚಹಾ ತೋಟದ ಗುಡ್ಡ ಹತ್ತುವಾಗ ಒಬ್ಬಳು ಮಾತ್ರ ಬುಟ್ಟಿಯಿಲ್ಲದೆ ಹೋಗುತ್ತಾಳೆ. ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ, ಸೊಂಟಕ್ಕೆ ಸುತ್ತಿದ ಬಿಳಿ ಬಟ್ಟೆ, ಕೈಯಲ್ಲಿ ಒಂದು ಪುಸ್ತಕ ಮತ್ತು ಮೋಟು ಪೆನ್ಸಿಲ್. ತೋಟಕ್ಕೆ ಹೊಸದಾಗಿ ಬಂದವರು ಅವಳನ್ನು ಯಾರೋ ದೊಡ್ಡ ಆಫೀಸಿನವಳೆಂದುಕೊಂಡು ದಾರಿ ಬಿಡುತ್ತಾರೆ. ಹಳಬರು ದಾರಿ ಬಿಡುವುದಿಲ್ಲ, ಕಾಲೆಳೆಯುತ್ತಾರೆ. ಅವರ ಪಾಲಿಗೆ ಅವಳು ಹುಳದಕ್ಕ. ಅಣಕಿಸಲೆಂದೇ ಇಟ್ಟ ಹೆಸರು ಅದು. ಇಟ್ಟವನು ಅವಳ ಸ್ವಂತ ಮೈದುನ. ಅವಳು ಆ ಹೆಸರನ್ನು ಬೇಸರವಿಲ್ಲದೆ ಎತ್ತಿಕೊಂಡು, ಪುಸ್ತಕದ ರಟ್ಟಿನ ಮೇಲೂ ಅದನ್ನೇ ಬರೆದುಕೊಂಡಳು.

ಹತ್ತೊಂಬತ್ತನೇ ವಯಸ್ಸಿಗೆ ಮದುವೆಯಾಗಿ ಈ ತೋಟಕ್ಕೆ ಬಂದವಳು ಈಗ ಐವತ್ತನ್ನು ದಾಟಿದ್ದಾಳೆ. ಗಂಡ ಕಾರ್ಖಾನೆಯಲ್ಲಿ ಎಲೆ ಒಣಗಿಸುವ ಯಂತ್ರದ ಮುಂದೆ ಮೂವತ್ತು ವರ್ಷ ನಿಂತು ಅರ್ಧ ಕಿವುಡನಾಗಿದ್ದಾನೆ. ಅವರ ಮನೆಯಲ್ಲಿ ಜಗಳ ಕಡಿಮೆ. ಜಗಳಕ್ಕೆ ಕಡೇಪಕ್ಷ ಎರಡು ಜೊತೆ ಕಿವಿಯಾದರೂ ಬೇಕಲ್ಲ. ಕೆಲಸಗಾರರಿಗೆಂದು ಸಾಲಾಗಿ ಕಟ್ಟಿಸಿದ ಲೈನ್ ಮನೆಯ ಒಂದೇ ಗೋಡೆಯ ಆ ಕಡೆ ಮೈದುನನ ಸಂಸಾರ. ಮೈದುನ ಪಂಪಿನ ಮೇಸ್ತ್ರಿ. ಎಂಟು ಗಂಡಾಳುಗಳು ಬೆನ್ನಿಗೆ ಪಂಪು ಹೊತ್ತು ಗಿಡಗಳಿಗೆ ಔಷಧಿ ಹೊಡೆಯುವಾಗ, ಅವನು ಮುಂದೆ ನಿಂತು ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ನೋಡುತ್ತಾನೆ. ಅವನ ಆಳುಗಳಲ್ಲಿ ಒಬ್ಬರಿಗೂ ಇದುವರೆಗೆ ತಲೆ ಸುತ್ತು ಬಂದಿಲ್ಲ, ಅದು ಅವನ ಹೆಮ್ಮೆ. ಹೆಮ್ಮೆಪಡುವಂಥದ್ದೇ ಅನ್ನಿ.

ಹುಳದಕ್ಕ ಎಲೆ ಕೀಳುತ್ತಿದ್ದ ಕಾಲದಲ್ಲಿ ಔಷಧಿ ಹೊಡೆಯುತ್ತಿದ್ದುದು ಕ್ಯಾಲೆಂಡರ್ ನೋಡಿ. ಹುಳ ಇದ್ದರೂ ಪಂಪು, ಇಲ್ಲದಿದ್ದರೂ ಪಂಪು. ಅದಕ್ಕೂ ಮೊದಲು ಬೆಳಗಿನ ಹೊತ್ತು ಸಾಲಿನೊಳಗೆ ಕಾಲಿಟ್ಟರೆ ಮುಖಕ್ಕೆಲ್ಲ ಜೇಡರ ಬಲೆ ಮೆತ್ತಿಕೊಳ್ಳುತ್ತಿತ್ತು. ಹೆಂಗಸರು ಬೈದುಕೊಂಡು ಒರೆಸಿಕೊಳ್ಳುತ್ತಿದ್ದರು. ಪಂಪು ಬಂದ ಎರಡನೇ ವರ್ಷಕ್ಕೆ ಬಲೆಗಳು ಮಾಯವಾದವು. ಎಲ್ಲರಿಗೂ ಖುಷಿ. ಮೂರನೇ ವರ್ಷ ಚಿಗುರು ಚುಚ್ಚುವ ತಿಗಣೆ, ಎಲೆಯ ರಸ ಹೀರುವ ಕೆಂಪು ನುಸಿ ಎಂದೂ ಕಾಣದಷ್ಟು ಬಂದವು. ಈ ಎರಡು ಸಂಗತಿಗಳ ನಡುವೆ ಏನೋ ನಂಟಿದೆ ಎಂದು ಅವಳೊಬ್ಬಳಿಗೆ ಅನ್ನಿಸಿತು. ಬಾಯಿಬಿಟ್ಟು ಹೇಳಿದಳು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಮೇಲೊಂದು ವರ್ಷ ಹುಳಗಳ ಲೆಕ್ಕ ಹಿಡಿಯುವ ಇಬ್ಬರು ಸಂಶೋಧಕರು ತೋಟಕ್ಕೆ ಬಂದರು. ಗಿಡದ ಕೆಳಗೆ ಬಿಳಿ ಬಟ್ಟೆ ಹಾಸಿ, ಕೊಂಬೆಗೆ ಕೋಲಿನಿಂದ ತಟ್ಟಿ, ಬಿದ್ದದ್ದನ್ನೆಲ್ಲ ಹೆಕ್ಕಿ ಶೀಶೆಗೆ ಹಾಕುವ ಕೆಲಸ. ಕಣ್ಣು ಚುರುಕಾಗಿದೆ ಎಂದು ಇವಳನ್ನು ಅವರ ಜೊತೆ ಕಳಿಸಿದರು. ಮೊದಲ ದಿನ ಕೊಂಬೆ ತಟ್ಟಿದಾಗ ಬಟ್ಟೆಯ ಮೇಲೆ ಬಿದ್ದ ಜೀವಗಳನ್ನು ನೋಡಿ ಅವಳು ಕೂತಲ್ಲೇ ಕೂತಳು. ಇಪ್ಪತ್ತು ವರ್ಷ ಅದೇ ಗಿಡಗಳ ಮೇಲೆ ಕೈಯಾಡಿಸಿದ್ದರೂ ಇವನ್ನು ನೋಡಿಯೇ ಇರಲಿಲ್ಲ. ವರ್ಷದ ಕೊನೆಗೆ ಪಟ್ಟಿ ಮುನ್ನೂರು ಜಾತಿ ದಾಟಿತು. ಅದರಲ್ಲಿ ಚಹಾ ಗಿಡಕ್ಕೆ ಬಾಯಿ ಹಾಕುವುವು ಇಪ್ಪತ್ತಕ್ಕಿಂತ ಕಡಿಮೆ. ನಿಜವಾಗಿ ತಲೆನೋವು ಕೊಡುವುವು ಐದೇ ಐದು. ಹಾಗಾದರೆ ಉಳಿದವು ಇಲ್ಲಿ ಏನು ಮಾಡುತ್ತಿವೆ ಎಂದು ಅವಳು ಕೇಳಿದಳು. ಕೆಲವು ಆ ಐದನ್ನು ತಿನ್ನುತ್ತವೆ, ಕೆಲವು ಆ ಐದರ ಹೊಟ್ಟೆಯೊಳಗೆ ಮೊಟ್ಟೆಯಿಡುತ್ತವೆ, ಕೆಲವು ಉದುರಿದ ಎಲೆಯನ್ನು ಮಣ್ಣು ಮಾಡುತ್ತವೆ, ಇನ್ನು ಕೆಲವು ಸುಮ್ಮನೆ ದಾರಿಹೋಕರು ಎಂಬ ಉತ್ತರ ಬಂತು. ಈ ಉತ್ತರ ಅವಳ ತಲೆಯಲ್ಲಿ ಕೂತುಬಿಟ್ಟಿತು.

ಸಂಶೋಧಕರು ಹೋದ ಮೇಲೆ ಒಂದು ದಿನ ಮೈದುನ ಬೆಂಕಿಪೊಟ್ಟಣದ ತುಂಬ ಕರಿಬೂದು ಬಣ್ಣದ, ಮುಳ್ಳುಮುಳ್ಳಾದ, ಆರು ಕಾಲಿನ ಮರಿಹುಳಗಳನ್ನು ತಂದು ಅವಳ ಮುಂದಿಟ್ಟ. ಇಂಥವು ತೋಟದ ಎರಡನೇ ಬ್ಲಾಕಿನಲ್ಲಿ ತುಂಬಿಹೋಗಿವೆ, ನಾಳೆ ಅವಕ್ಕೆ ಎಳ್ಳುನೀರು ಬಿಡುತ್ತೇನೆ ಎಂದು ಮೀಸೆ ತಿರುವಿದ. ಹುಳದಕ್ಕ ಗಿಡಹೇನು ಮುತ್ತಿದ ಒಂದು ಚಿಗುರನ್ನು ತಂದು ಗಾಜಿನ ಬಾಟಲಿಗೆ ಹಾಕಿ, ಮರಿಗಳನ್ನೂ ಅದರೊಳಗೆ ಬಿಟ್ಟು, ಬಾಯಿಗೆ ತೆಳುಬಟ್ಟೆ ಕಟ್ಟಿದಳು. ಮಾರನೆಯ ಮಧ್ಯಾಹ್ನಕ್ಕೆ ಚಿಗುರಿನಲ್ಲಿ ಒಂದು ಹೇನೂ ಉಳಿದಿರಲಿಲ್ಲ. ಹತ್ತು ದಿನಕ್ಕೆ ಆ ವಿಕಾರದ ಮರಿಗಳೆಲ್ಲ ಕೆಂಪು ಬೆನ್ನಿನ, ಕಪ್ಪು ಚುಕ್ಕೆಯ ಗುಲಗಂಜಿ ಹುಳಗಳಾಗಿ ಬಾಟಲಿಯ ಗೋಡೆ ಹತ್ತುತ್ತಿದ್ದವು. ಮೈದುನ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಎಷ್ಟೋ ವರ್ಷದಿಂದ ತನ್ನ ಕಡೆಯ ಸೈನಿಕರನ್ನೇ ತಾನು ಕೊಲ್ಲುತ್ತಾ ಬಂದಿದ್ದೇನೆ ಎಂಬುದು ಅವನಿಗೆ ಅರ್ಥವಾಯಿತು. ಆದರೆ ಬಾಯಲ್ಲಿ ಒಪ್ಪಿಕೊಳ್ಳುವ ಜಾತಿ ಅವನದಲ್ಲ. ಅವತ್ತೇ ಅವಳಿಗೆ ಹುಳದಕ್ಕ ಎಂದು ಹೆಸರಿಟ್ಟ.

ಬಾಟಲಿಯ ಸುದ್ದಿ ಆಫೀಸಿಗೆ ಹೋದದ್ದೇ, ಅವಳ ಬುಟ್ಟಿ ಇಳಿಸಿ ಎಣಿಕೆಯ ಕೆಲಸ ಕೊಟ್ಟರು. ಕೆಲಸ ಹೇಳಲು ಸುಲಭ. ಪ್ರತಿ ಬ್ಲಾಕಿನಲ್ಲಿ ಆರು ಸಾಲಿಗೊಂದು ಸಾಲು ಹಿಡಿದು ನಡೆಯುವುದು, ಒಟ್ಟು ನೂರು ಬಲಿತ ಎಲೆಗಳ ಮೇಲ್ಮೈಯನ್ನು ಭೂತಗನ್ನಡಿಯಲ್ಲಿ ನೋಡುವುದು, ಕೆಟ್ಟವು ಎಷ್ಟು, ಅವನ್ನು ತಿನ್ನುವುವು ಎಷ್ಟು ಎಂದು ಬರೆಯುವುದು. ಎಲೆಗೆ ಸರಾಸರಿ ನಾಲ್ಕು ನುಸಿ ದಾಟಿದರೆ ಮಾತ್ರ ಪಂಪು. ನುಸಿ ಎಂದರೆ ಕಣ್ಣಿಗೆ ಕೆಂಪು ಧೂಳು ಅಷ್ಟೇ. ಎಂಟು ಕಾಲಿರುವುದರಿಂದ ಅದು ಹುಳವೇ ಅಲ್ಲ, ಜೇಡರ ಕಡೆಯ ನೆಂಟ ಎಂದು ಅವಳು ಸಿಕ್ಕಸಿಕ್ಕವರಿಗೆಲ್ಲ ಪಾಠ ಮಾಡುತ್ತಿದ್ದಳು. ಅದಕ್ಕೆ ರೆಕ್ಕೆಯಿಲ್ಲ. ದೂರ ಹೋಗಬೇಕಾದರೆ ಗಾಳಿ ಬೇಕು, ಇಲ್ಲವೇ ಮನುಷ್ಯರ ಬಟ್ಟೆ. ಸೀರೆ ತಾಗಿದರೆ ಸಾಕು, ಅಂಟಿಕೊಂಡು ಮುಂದಿನ ಬ್ಲಾಕಿಗೆ ಸವಾರಿ. ಆದ್ದರಿಂದ ಅವಳೇ ಹೋರಾಡಿ ಒಂದು ನಿಯಮ ತಂದಿದ್ದಳು: ಎಲೆ ಕೀಳುವವರು ಮೊದಲು ಆರೋಗ್ಯವಾಗಿರುವ ಬ್ಲಾಕಿಗೆ ಹೋಗಬೇಕು, ನುಸಿ ಹಿಡಿದದ್ದಕ್ಕೆ ಕೊನೆಗೆ. ತಪ್ಪಿ ನುಸಿಯ ಬ್ಲಾಕಿಗೆ ಮೊದಲು ಕಾಲಿಟ್ಟವರು ಬಟ್ಟೆ ಬದಲಾಯಿಸದೆ ಇನ್ನೊಂದಕ್ಕೆ ಹೋಗುವಂತಿಲ್ಲ. ಈ ವಿಷಯದಲ್ಲಿ ಅವಳು ಸ್ವಂತ ತಂಗಿಯನ್ನೂ ಬಿಟ್ಟವಳಲ್ಲ. ಒಮ್ಮೆ ಮೂವತ್ತು ಜನರ ಮುಂದೆ ಅವಳನ್ನು ಗುಡ್ಡದಿಂದ ಮನೆಗೆ ವಾಪಸ್ ಅಟ್ಟಿದ್ದಳು.

ಹೊಸ ಮ್ಯಾನೇಜರ್ ಬಂದಾಗ ಅವಳು ಇನ್ನೊಂದು ಹೆಜ್ಜೆ ಮುಂದೆ ಹೋದಳು. ಗುಡ್ಡದ ತುದಿಯ ಏಳನೇ ಬ್ಲಾಕಿಗೆ ಪಂಪೇ ಬೇಡ, ಪೂರ್ತಿ ಬಿಟ್ಟುಬಿಡಿ ಎಂದಳು. ಮ್ಯಾನೇಜರ್ ಲೆಕ್ಕಾಚಾರದ ಮನುಷ್ಯ, ಕೆಟ್ಟವರಲ್ಲ. ಎರಡು ವರ್ಷ ನೋಡೋಣ, ಎಣಿಕೆ ನಾಲ್ಕರ ಗೆರೆ ದಾಟಿದರೆ ಮಾತ್ರ ಆ ದಿನವೇ ಪಂಪು ಒಳಗೆ ಬರುತ್ತದೆ, ಆಮೇಲೆ ಈ ಮಾತು ಮತ್ತೆ ಎತ್ತಬಾರದು ಎಂದರು. ಒಂದು ವರ್ಷ ಒಂಬತ್ತು ತಿಂಗಳು ಏಳನೇ ಬ್ಲಾಕು ತಾನೇ ತಾನಾಗಿ ನಿಂತಿತು. ಜೇಡರ ಬಲೆಗಳು ವಾಪಸ್ ಬಂದವು. ಎಳ್ಳಿಗಿಂತ ಚಿಕ್ಕದಾದ, ನುಸಿಯನ್ನೇ ತಿಂದು ಬದುಕುವ ಕಪ್ಪು ಜೀರುಂಡೆಗಳು ಬಂದವು. ಪುಸ್ತಕದಲ್ಲಿ ಜಾತಿಗಳ ಹೆಸರು ಬರೆಯಲು ಜಾಗ ಸಾಲದೆ ಅವಳು ಅಂಚಿನಲ್ಲೂ ಬರೆದಳು. ಮಕ್ಕಳಿಲ್ಲದ ಅವಳಿಗೆ ಅದು ಬರೀ ಚಹಾ ಗಿಡದ ತುಂಡು ಭೂಮಿಯಾಗಿ ಉಳಿದಿರಲಿಲ್ಲ. ಅವಳು ತನ್ನದೆಂದು ಹೇಳಿಕೊಳ್ಳುವಂಥದ್ದು ಜಗತ್ತಿನಲ್ಲಿ ಅದೊಂದೇ ಇತ್ತು.

ಈ ಸಲದ ಒಣಹವೆ ಜೋರಾಗಿತ್ತು. ಕೊನೆಯ ಮೂರು ತಿಂಗಳು ಉಳಿದಿರುವಾಗ ಏಳರಲ್ಲಿ ನುಸಿ ಕಾಣಿಸಿತು. ಮೊದಲ ವಾರ ಎಲೆಗೆ ಒಂದು. ಮುಂದಿನ ವಾರ ಎರಡೂವರೆ. ಮೂರನೇ ವಾರ ಅವಳು ಕೂಡಿಸಿ ಭಾಗಿಸಿ, ಸರಿಯಿಲ್ಲವೆಂದು ಮತ್ತೆ ಕೂಡಿಸಿ ಭಾಗಿಸಿದಳು. ಐದು. ಎಲೆಗಳು ತುಕ್ಕು ಹಿಡಿದಂತೆ ಕಾಣುತ್ತಿದ್ದವು. ಬರೆದದ್ದನ್ನು ಹಾಗೆಯೇ ಆಫೀಸಿಗೆ ಒಯ್ದು ಕೊಟ್ಟಳು. ಎಣಿಕೆಯಲ್ಲಿ ಸುಳ್ಳು ಬರೆಯುವ ಯೋಚನೆ ಅವಳಿಗೆ ಬರುವುದೇ ಇಲ್ಲ. ಮ್ಯಾನೇಜರ್ ಪುಸ್ತಕ ನೋಡಿ, ಆ ದಿನವೇ ಎಂದು ಮಾತಾಗಿದ್ದರೂ ಎರಡು ದಿನ ಕೊಡುತ್ತೇನೆ, ಇನ್ನೊಮ್ಮೆ ಎಣಿಸಿ, ಗುರುವಾರ ಬೆಳಿಗ್ಗೆ ಪಂಪು ಹೊರಡುತ್ತದೆ ಎಂದರು. ಮೈದುನ ಗೋದಾಮಿನ ಮುಂದೆ ಪಂಪುಗಳ ವಾಷರ್ ಬದಲಾಯಿಸುತ್ತಾ ಕೂತಿದ್ದ. ನಿಮ್ಮ ಸೈನಿಕರು ರಜೆ ಹಾಕಿದ ಹಾಗಿದೆ ಅತ್ತಿಗೆ ಎಂದ. ಅವಳು ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮನೆಯ ದಾರಿ ಹಿಡಿದಳು.

ಮಾರನೆಯ ದಿನ ಅವಳು ಮತ್ತೆ ಏಳನೇ ಬ್ಲಾಕಿಗೆ ಹೋದಳು. ಹದಿನಾರನೇ ಸಾಲಿಗೆ ನೆರಳಿನ ಮರದ ದೊಡ್ಡ ಕೊಂಬೆ ಮುರಿದು ಅಡ್ಡ ಬಿದ್ದಿತ್ತು. ದಾಟಲು ಮಂಡಿ ಒಪ್ಪಲಿಲ್ಲ. ಮಂಡಿಯ ಸಂಗತಿ ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಕುಳಿತು ಮಾಡುವ ಕೆಲಸಕ್ಕೆ ಹಾಕುತ್ತಾರೆಂಬ ಭಯ. ಸುತ್ತಿಕೊಂಡು ಹೋಗಲು ಹತ್ತೊಂಬತ್ತನೇ ಸಾಲಿಗೆ ಇಳಿದು, ಹಾಗೇ ಒಂದು ಎಲೆ ಹಿಡಿದು ನೋಡಿದಳು. ನುಸಿಯಿಲ್ಲ. ಪಕ್ಕದ ಎಲೆ, ಅದರ ಪಕ್ಕದ್ದು, ಮುಂದಿನ ಗಿಡ, ಅದರ ಮುಂದಿನ ಗಿಡ. ಇಲ್ಲ. ಹಸಿರು ಎಲೆಗಳ ಮೇಲೆ ಕಪ್ಪು ಜೀರುಂಡೆಗಳು ಓಡಾಡುತ್ತಿದ್ದವು. ಅವಳು ಹದಿನೆಂಟಕ್ಕೆ ಹೋದಳು, ಹದಿಮೂರಕ್ಕೆ ಹೋದಳು, ಕುಂಟುತ್ತಾ ಮೂವತ್ತಾರೂ ಸಾಲು ನೋಡಿದಳು. ನುಸಿ ಇದ್ದುದು ನಾಲ್ಕು, ಹತ್ತು, ಹದಿನಾರು, ಇಪ್ಪತ್ತೆರಡು, ಇಪ್ಪತ್ತೆಂಟು, ಮೂವತ್ನಾಲ್ಕು, ಈ ಆರು ಸಾಲುಗಳಲ್ಲಿ ಮಾತ್ರ.

ಆರು ಸಾಲಿಗೊಂದು ಸಾಲು ನಡೆಯುವವರು ತೋಟದಲ್ಲಿ ಒಬ್ಬರೇ. ಎಲೆ ಕೀಳುವವರು ಒಣಹವೆಯಿಂದಾಗಿ ಮೂರು ವಾರದಿಂದ ಏಳಕ್ಕೆ ಕಾಲಿಟ್ಟಿರಲಿಲ್ಲ. ಹುಳದಕ್ಕ ಬಗ್ಗಿ ತನ್ನ ಸೊಂಟದ ಬಿಳಿ ಬಟ್ಟೆ ನೋಡಿಕೊಂಡಳು. ತೊಡೆಯ ಹತ್ತಿರ, ಗಿಡ ತಾಗುವ ಎತ್ತರದಲ್ಲಿ, ಇಟ್ಟಿಗೆ ಬಣ್ಣದ ಸಣ್ಣ ಸಣ್ಣ ಗೀರುಗಳು. ಭೂತಗನ್ನಡಿ ಹಿಡಿದು ನೋಡಿದರೆ ಎಲ್ಲ ಜಜ್ಜಿಹೋದ ನುಸಿ.

ಮಂಡಿ ನೋವು ಬರುವ ಮೊದಲು ಅವಳು ಬೆಳಿಗ್ಗೆ ನೇರ ಗುಡ್ಡದ ತುದಿಗೆ ಹತ್ತಿ, ಏಳನ್ನು ಎಣಿಸಿ ಆಮೇಲೆ ಕೆಳಗಿಳಿಯುತ್ತಿದ್ದಳು. ನೋವು ಬಂದ ಮೇಲೆ ಒಂದೇ ಉಸಿರಿಗೆ ಹತ್ತಲಾಗದೆ, ದಾರಿಯಲ್ಲಿ ಸಿಗುವ ಮೂರನೇ ಬ್ಲಾಕನ್ನು ಮೊದಲು ಎಣಿಸಿ, ಆ ನೆಪದಲ್ಲಿ ದಣಿವಾರಿಸಿಕೊಂಡು ಮೇಲೆ ಹೋಗುತ್ತಿದ್ದಳು. ಮೂರನೆಯದು ಪಂಪು ಹೊಡೆಯುವ ಬ್ಲಾಕು. ಒಣಹವೆ ಬಂತೆಂದರೆ ನುಸಿ ಮೊದಲು ಏಳುವುದು ಅಲ್ಲೇ. ಊರಿಗೆಲ್ಲ ನಿಯಮ ಹೇಳಿದವಳಿಗೆ ಆ ನಿಯಮ ತನಗೂ ಸೇರಿದ್ದೆಂದು ಹೊಳೆದೇ ಇರಲಿಲ್ಲ. ತಾನೇ ಹೊತ್ತು ತಂದು ಸುರಿದು, ಸುರಿದಲ್ಲೇ ಹುಡುಕಿ, ಐದು ಎಂದು ಬರೆದಿದ್ದಳು. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು, ಎರಡರ ಅಡಿಯಲ್ಲಿ ಒಂದು ಗಟ್ಟಿ ಸಮಾಧಾನವೂ ಇತ್ತು. ಬ್ಲಾಕು ಸೋತಿರಲಿಲ್ಲ. ಅವಳು ನಡೆಯದ ಮೂವತ್ತು ಸಾಲುಗಳು ಅವಳು ಎರಡು ವರ್ಷ ಹೇಳಿದ್ದನ್ನೇ ಹೇಳುತ್ತಿದ್ದವು.

ಸಂಜೆ ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನಿಗೆ ಗುಟ್ಟು ಹೇಳುವುದೂ ಒಂದೇ, ಡಂಗುರ ಸಾರುವುದೂ ಒಂದೇ. ಎರಡೆರಡು ಸಲ ಕೂಗಿ ಹೇಳಬೇಕಾಯಿತು. ಆರು ಸಾಲಿನ ಮಾತು ಆಫೀಸಿನಲ್ಲಿ ಹೇಳಿದರೆ ತಂದವಳು ಯಾರೆಂದೂ ಹೇಳಬೇಕಾಗುತ್ತದೆ, ಹನ್ನೆರಡು ವರ್ಷದ ಎಣಿಕೆಯಲ್ಲಿ ಗಳಿಸಿದ ಮರ್ಯಾದೆ ಒಂದು ಬೆಳಿಗ್ಗೆಗೆ ಮಣ್ಣುಪಾಲಾಗುತ್ತದೆ, ಎಣಿಕೆಯ ಕೆಲಸವೂ ಹೋಗಬಹುದು ಎಂದಳು. ಗಂಡ ಊಟದ ತಟ್ಟೆಯಿಂದ ತಲೆಯೆತ್ತಿದ.

"ಹೇಳದೇ ಇದ್ರೆ ಬ್ಲಾಕ್ ಹೋಗುತ್ತೆ, ಅಲ್ವಾ?" ಎಂದ. ಅವಳು ಹೌದೆಂದು ತಲೆಯಾಡಿಸಿದಳು. "ಹಾಗಾದ್ರೆ ಹೇಳು. ಪಕ್ಕದ ಮನೆಗಂತೂ ಆಗ್ಲೇ ಗೊತ್ತಾಗಿರುತ್ತೆ."

ಗೋಡೆಯ ಆ ಕಡೆ ಪಾತ್ರೆ ತೊಳೆಯುವ ಸದ್ದು ನಿಂತು ಎಷ್ಟೋ ಹೊತ್ತಾಗಿತ್ತು.

ಗುರುವಾರ ಹಾಜರಿಯ ಹೊತ್ತಿಗೆ ಅಂಗಳದಲ್ಲಿ ಒಂದು ಕಡೆ ಹೆಂಗಸರು, ಇನ್ನೊಂದು ಕಡೆ ತುಂಬಿದ ಪಂಪುಗಳ ಜೊತೆ ಗಂಡಾಳುಗಳು. ಅವಳ ತಂಗಿ ಮುಂದಿನ ಸಾಲಿನಲ್ಲೇ ನಿಂತಿದ್ದಳು. ಹುಳದಕ್ಕ ಮ್ಯಾನೇಜರರ ಮೇಜಿನ ಮುಂದೆ ಹೋಗಿ, ಆ ಬಿಳಿ ಬಟ್ಟೆಯನ್ನು ಬಿಡಿಸಿ ಹಾಸಿದಳು. ಪಿಸುಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು. ಅವಳು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಏಳಕ್ಕೆ ನುಸಿ ತಂದವಳು ನಾನೇ ಸಾರ್. ಮೂರಕ್ಕೆ ಹೋದ ಬಟ್ಟೇಲೇ ಏಳಕ್ಕೆ ಹೋದೆ. ನಾನು ನಡೆದ ಆರು ಸಾಲಲ್ಲಿ ಮಾತ್ರ ನುಸಿ ಇದೆ, ಉಳಿದ ಮೂವತ್ತು ಸಾಲು ಚೆನ್ನಾಗಿವೆ. ತಪ್ಪು ನಂದು, ಬ್ಲಾಕಿಂದಲ್ಲ."

ಮಂಡಿಯ ವಿಷಯವನ್ನೂ ಬಿಡದೆ ಹೇಳಿದಳು. ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಕ್ಕವಳು ತಂಗಿಯಲ್ಲ, ತಂಗಿ ನಕ್ಕವಳ ಕಡೆ ತಿರುಗಿ ಒಂದು ನೋಟ ನೋಡಿದಳು, ಅಲ್ಲಿಗೆ ನಗು ನಿಂತಿತು. ಮ್ಯಾನೇಜರ್ ಬಟ್ಟೆಯ ಮೇಲಿನ ಗೀರುಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. ಹುಬ್ಬು ಗಂಟಿಕ್ಕಿಕೊಂಡು, ನಿಮ್ಮ ಎಣಿಕೆಯ ಮೇಲೆ ನಂಬಿಕೆಯಿಟ್ಟು ಇಷ್ಟು ವರ್ಷ ತೋಟ ನಡೆಸಿದೆವಲ್ಲ, ಈಗ ಈ ಮೂವತ್ತು ಸಾಲಿನ ಮಾತನ್ನು ಹೇಗೆ ನಂಬಲಿ ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಅವಳು ರಾತ್ರಿಯೇ ಅದನ್ನು ತನಗೆ ತಾನು ಕೇಳಿಕೊಂಡಿದ್ದಳು, ಉತ್ತರವೂ ಸಿದ್ಧವಾಗಿತ್ತು.

"ನನ್ನ ಮಾತು ನಂಬಬೇಡಿ ಸಾರ್. ಆರು ಸಾಲಿಗೆ ಮಾತ್ರ ಇವತ್ತು ಗಂಧಕ ಹೊಡೆಸಿ, ಉಳಿದದ್ದು ಬಿಡಿ. ಮೂರು ವಾರ ಬಿಟ್ಟು ಬೇರೆಯವರು ಎಣಿಸಲಿ, ಅವರಿಗಿಷ್ಟ ಬಂದ ಸಾಲಲ್ಲಿ." ಅವಳು ಪಂಪುಗಳ ಕಡೆ ಕೈ ತೋರಿಸಿದಳು. "ನಮ್ಮ ಮೈದುನ ಎಣಿಸಲಿ. ಅವನು ಗೆರೆ ದಾಟಿದೆ ಅಂದ್ರೆ ನಾನು ಬುಟ್ಟಿ ಹೊರ್ತೀನಿ."

ಅಂಗಳದಲ್ಲಿ ಗುಸುಗುಸು ಎದ್ದಿತು. ಪಂಪು ಬೇಕೇ ಬೇಡವೇ ಎಂದು ಪಂಪಿನ ಮೇಸ್ತ್ರಿಯನ್ನೇ ಕೇಳುವುದು ಎಲ್ಲಿಯಾದರೂ ಉಂಟೇ. ಮ್ಯಾನೇಜರ್ ಮಾತ್ರ ಆಗಲಿ ಎಂದರು. ಮೈದುನ ಅವತ್ತು ಒಂದು ಕುಚೋದ್ಯವನ್ನೂ ಆಡಲಿಲ್ಲ. ಎಂಟು ಆಳುಗಳಲ್ಲಿ ಆರು ಜನರನ್ನು ವಾಪಸ್ ಕಳಿಸಿ, ಇಬ್ಬರನ್ನು ಕರೆದುಕೊಂಡು ಆರೇ ಆರು ಸಾಲಿಗೆ ಹೊಡೆಸಿ ಬಂದ. ಆ ಮೂರು ವಾರ ಹುಳದಕ್ಕನಿಗೆ ಏಳಕ್ಕೆ ಕಾಲಿಡಲು ಅನುಮತಿಯಿರಲಿಲ್ಲ. ಸಂಜೆಯ ಹೊತ್ತು ಮೈದುನ ಗೋಡೆ ಬಳಸಿಕೊಂಡು ಬಂದು ಅವಳ ಮುಂದೆ ಕೂತು ಭೂತಗನ್ನಡಿ ಹಿಡಿಯುವುದನ್ನು ಕಲಿತ. ಮೊದಲ ದಿನ ಧೂಳನ್ನೇ ನುಸಿಯೆಂದು ಎಣಿಸಿ ಬೈಸಿಕೊಂಡ. ಐದನೇ ದಿನದ ಹೊತ್ತಿಗೆ ನುಸಿಯ ಮೊಟ್ಟೆಯನ್ನೂ ಕಳಚಿದ ಪೊರೆಯನ್ನೂ ಬೇರೆ ಬೇರೆ ಗುರುತಿಸುತ್ತಿದ್ದ. ಗುರು ಕಟ್ಟುನಿಟ್ಟಿನವಳಾದರೂ ಶಿಷ್ಯ ದಡ್ಡನಲ್ಲ ಎಂದು ಅವಳು ಗಂಡನಿಗೆ ಕೂಗಿ ಹೇಳಿದಳು, ಗೋಡೆಯಾಚೆಗೂ ಕೇಳಲಿ ಎಂದೇ.

ಎಣಿಕೆಯ ದಿನ ಅವಳು ಗುಡ್ಡದ ಕೆಳಗೆ, ರಸ್ತೆ ಬದಿಯ ಕಟ್ಟೆಯ ಮೇಲೆ ಕೂತಿದ್ದಳು. ನೂರು ಎಲೆಗೆ ಅವಳಿಗೆ ಬೇಕಾಗುತ್ತಿದ್ದುದು ಒಂದೂವರೆ ಗಂಟೆ. ಎರಡು ಗಂಟೆ ಕಳೆಯಿತು, ಮೂರು ಕಳೆಯಿತು. ಅವನು ಬೇಕೆಂದೇ ಹೆಚ್ಚು ಬರೆಯಬಹುದು ಎಂದು ಅವಳಿಗೆ ಒಮ್ಮೆಯೂ ಅನ್ನಿಸಲಿಲ್ಲ. ಅನ್ನಿಸಿದ್ದು ಬೇರೆ: ಗಾಳಿ ಬೀಸಿರಬಹುದು, ಆರು ಸಾಲಿನಿಂದ ಉಳಿದದ್ದಕ್ಕೆ ಹಬ್ಬಿರಬಹುದು, ಜೀರುಂಡೆಗಳು ಸಾಲದೇ ಹೋಗಿರಬಹುದು. ಆದರೂ ಅವಳು ಏಳಲಿಲ್ಲ, ಗುಡ್ಡದ ಕಡೆಗೂ ನೋಡಲಿಲ್ಲ.

ಮಧ್ಯಾಹ್ನದ ಗಂಟೆ ಹೊಡೆಯುವ ಮೊದಲು ಮೈದುನ ಇಳಿದು ಬಂದ. ಒಗೆದು ಗರಿಗರಿಯಾದ ಬಿಳಿ ಅಂಗಿ, ಬಿಳಿ ಪ್ಯಾಂಟು, ತಲೆಗೊಂದು ಬಿಳಿ ಟವೆಲ್ಲು. ಪಂಪಿನ ಕೆಲಸಕ್ಕೆ ಸೇರಿದ ಮೇಲೆ ಅವನು ಬಿಳಿ ಬಟ್ಟೆ ತೊಟ್ಟದ್ದನ್ನು ಅವಳು ಕಂಡಿರಲಿಲ್ಲ. ಅವಳ ಪಕ್ಕ ಕೂತು ಪುಸ್ತಕವನ್ನು ಅವಳ ಮಡಿಲಿಗಿಟ್ಟ. ಎಲೆಗೆ ಅರ್ಧ ನುಸಿಯೂ ಇರಲಿಲ್ಲ. ನುಸಿ ತಿನ್ನುವ ಜೀರುಂಡೆಗಳ ಕಡೆ ಅಂಕಿ ದೊಡ್ಡದಿತ್ತು. ಅವನು ನೋಡಿದ್ದು ನೂರಲ್ಲ, ಇನ್ನೂರು ಎಲೆ; ಆರು ಸಾಲಿನಿಂದಲ್ಲ, ಮೂವತ್ತಾರೂ ಸಾಲಿನಿಂದ. ಕೆಳಗೆ ದೊಡ್ಡ ಅಕ್ಷರದಲ್ಲಿ, ಪಂಪು ಬೇಡ ಎಂದು ಬರೆದು ರುಜು ಹಾಕಿದ್ದ.

ಹುಳದಕ್ಕನ ಕಣ್ಣು ತುಂಬಿ ಬಂತು. ಅಳುವುದನ್ನು ಮುಚ್ಚಿಟ್ಟುಕೊಳ್ಳಲು ಅವಳು ಹೋಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಇಷ್ಟು ತಡ ಯಾಕಾಯಿತು ಎಂದು ಮಾತ್ರ ಕೇಳಿದಳು.

"ಬೆಳಿಗ್ಗೆ ಹತ್ತುವಾಗ ಮೂರನೇ ಬ್ಲಾಕಿನ ಒಂದು ಕೊಂಬೆ ತಾಗಿಬಿಡ್ತು ಅತ್ತಿಗೆ," ಎಂದ ಮೈದುನ. "ಹಿಂದಿನ ದಾರೀಲಿ ಮನೆಗೆ ವಾಪಸ್ ಹೋಗಿ, ಸ್ನಾನ ಮಾಡಿ, ಬಟ್ಟೆ ಬದಲಾಯಿಸಿಕೊಂಡು ಬಂದೆ."